ಹೋಗುವವಳಿಗೆ ಹನ್ನೊಂದು ಊಟ

ಊರು ಬಿಟ್ಟು ದೂರ ಹೋಗುವವರನ್ನು ಮನೆಗೆ ಕರೆದು ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಸಿಕ್ಕರೆ ಅವರಿಗೆ ಎರಡು ಮಾತು ಹೇಳುವುದಿದೆ.

ಧಾರವಾಡದ ಕಡೆಯಿಂದ ಮುಂಬಯಿಗೆ ಬಂದ ನಮ್ಮ ಜನ ಊರಲ್ಲಿ ಹೊಲ ಬಿಟ್ಟರು, ಮನೆ ಬಿಟ್ಟರು, ಎಮ್ಮೆ ಬಿಟ್ಟರು, ಈ ಪದ್ಧತಿಯನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದರು. ಒಬ್ಬ ಮಿಲಿಟರಿಗೆ ಸೇರಿದ ಅಂದರೆ ಊಟ. ಇನ್ನೊಬ್ಬನಿಗೆ ಕಲಕತ್ತೆಗೆ ವರ್ಗವಾಯಿತು ಅಂದರೆ ಊಟ. ಕರೆದ ಮೇಲೆ ಹೋಗಲೇಬೇಕು. ಹೋಗದಿದ್ದರೆ 'ನಮ್ಮ ಮನಿ ಅನ್ನ ಸೇರೂದಿಲ್ಲೇನು?' ಎಂಬ ಮಾತು ಹತ್ತು ವರ್ಷ ಬೆನ್ನು ಬಿಡುವುದಿಲ್ಲ. ಊಟದ ಕೊನೆಗೆ ಆ ಮನೆಯ ಹಿರಿಯ ಹೆಣ್ಣುಮಗಳು ತನ್ನ ಕೈಯಿಂದ ಒಂದು ಸಿಹಿ ತುತ್ತನ್ನು ಹೋಗುವವರ ಬಾಯಿಗೆ ಇಡಬೇಕು. ಆ ತುತ್ತು ಬೀಳದೆ ಊಟ ಮುಗಿಯುವುದಿಲ್ಲ.

೧೯೬೮ರಲ್ಲಿ ನಾನು ಇಂಥ ಹನ್ನೊಂದು ಊಟ ಉಂಡೆ.

ಆಗ ನನಗೆ ಇಪ್ಪತ್ಮೂರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುತ್ತಿದ್ದೆ. ಅಪ್ಪ ಒಂದು ಬಟ್ಟೆ ಮಿಲ್ಲಿನ ಆಫೀಸಿನಲ್ಲಿ ಕಾರಕೂನ. ದಾದರಿನ ಒಂದು ಚಾಳಿನ, ಅಂದರೆ ಸಾಲುಮನೆಗಳ ಕಟ್ಟಡದ, ಎರಡನೆಯ ಮಹಡಿಯಲ್ಲಿ ಎರಡು ಕೋಣೆ, ಅದರಲ್ಲಿ ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ. ಎರಡು ವರ್ಷದಿಂದ ನಾನು ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಲೇ ಇದ್ದೆ. ಎಲ್ಲ ಕಡೆಯಿಂದಲೂ ಸಭ್ಯವಾದ ಮಾತಿನಲ್ಲಿ ಇಲ್ಲ ಎಂದೇ ಉತ್ತರ ಬರುತ್ತಿತ್ತು. ಆ ಆಗಸ್ಟಿನಲ್ಲಿ ಕೆನಡಾದಿಂದ ಒಬ್ಬ ಪ್ರೊಫೆಸರರ ಪತ್ರ ಬಂತು. ಅವರ ಲ್ಯಾಬಿನಲ್ಲಿ ಜಾಗವಿದೆ, ಪಾಠಕ್ಕೆ ನೆರವಾದರೆ ಓದಿಗೂ ಊಟಕ್ಕೂ ಸಾಲುವಷ್ಟು ಕೊಡುತ್ತಾರೆ, ಡಾಕ್ಟರೇಟಿಗೆ ಕೆಲಸ ಮಾಡಬಹುದು, ಜನವರಿಯ ಮೊದಲ ವಾರ ಅಲ್ಲಿರಬೇಕು ಎಂದಿತ್ತು. ಕೆಳಗೆ ಅವರ ಕೈಬರಹದಲ್ಲಿ, ಇಲ್ಲಿ ಚಳಿ ಬಹಳ, ದಪ್ಪನೆಯ ಕಾಲುಚೀಲ ತಾ ಎಂದಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೆಂದು ಹೇಳಿದರೆ ನಗುತ್ತೀರಿ. ನನ್ನನ್ನು ಒಬ್ಬ ಪ್ರೊಫೆಸರು ಕಾಯುತ್ತಿದ್ದಾರೆ, ನನ್ನ ಕಾಲಿನ ಚಳಿಯನ್ನೂ ಯೋಚಿಸುತ್ತಿದ್ದಾರೆ ಅನ್ನುವುದು ನನಗೆ ದೊಡ್ಡ ಸಂಗತಿಯಾಗಿತ್ತು.

ಅದೇ ಹೊತ್ತಿಗೆ ತಂಗಿಗೆ ಒಂದು ಸಂಬಂಧ ಕೂಡಿ ಬಂತು. ಸಾಂತಾಕ್ರೂಜ್‌ನಲ್ಲಿದ್ದ ಬೆಳಗಾವಿ ಕಡೆಯ ಮನೆತನ, ಬಟ್ಟೆ ವ್ಯಾಪಾರ, ಸ್ವಂತ ಫ್ಲ್ಯಾಟು. ದೊಡ್ಡ ಮಗಳು ಮನೆಯಲ್ಲಿರುವಾಗ ಸಣ್ಣವಳದು ಹೇಗೆ ಎಂದು ಅವರು ಮೊದಲು ಮೂಗು ಮುರಿದಿದ್ದರಂತೆ. ಅವ್ವ ನನ್ನ ಕೆನಡಾವನ್ನು ಮುಂದೆ ಮಾಡಿದಳು. 'ದೊಡ್ಡಾಕಿ ಓದಾಕ ಪರದೇಶಕ್ಕ ಹೊಂಟಾಳ್ರಿ, ಆಕಿದು ಬ್ಯಾರೆನ ಐತಿ' ಅಂದಳು. ಅಲ್ಲಿಯವರೆಗೆ ನನ್ನ ಓದು ಮನೆಗೆ ಬಂದ ಕಾಟ ಅನ್ನುತ್ತಿದ್ದವಳು, ಅಂದಿನಿಂದ ಆ ಪತ್ರವನ್ನು ದೇವರ ಗೂಡಿನಲ್ಲಿ ಇಟ್ಟಳು. ನಾನು ಹೋಗುವುದು ಖಾತ್ರಿಯಾದರೆ ತಂಗಿಯ ಮದುವೆಯೂ ಖಾತ್ರಿ. ಹಾಗಾಗಿ ನನಗೆ ಮನೆಯಲ್ಲಿ ಮರ್ಯಾದೆ ಸಿಕ್ಕಿತು, ನಾಲ್ಕು ತಿಂಗಳ ಮಟ್ಟಿಗೆ.

ದೀಪಾವಳಿ ಕಳೆದ ಮೇಲೆ ಊಟಗಳು ಶುರುವಾದವು. ಜ್ವರವೂ ಅದೇ ಹೊತ್ತಿಗೆ ಬಂತು.

ಅದನ್ನು ಎಲ್ಲರೂ ಹಾಂಗ್‌ಕಾಂಗ್ ಜ್ವರ ಅನ್ನುತ್ತಿದ್ದರು. ಲೋಕವನ್ನೆಲ್ಲ ಸುತ್ತುತ್ತಿದೆ ಎಂದು ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಚಾಳಿನಲ್ಲಿ ಅದು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹಾಲಿನವನ ಹಾಗೆ ಸರಿಯಿತು. ಬೆಳಗಿನ ಲೋಕಲ್ ರೈಲಿನಲ್ಲಿ ಕಾಲೂರಲು ಜಾಗ ಸಿಗತೊಡಗಿದಾಗ ನನಗೆ ಊರು ಮಲಗಿದೆ ಎಂದು ಗೊತ್ತಾಯಿತು. ಲ್ಯಾಬಿನಲ್ಲಿ ಇಪ್ಪತ್ತು ಜನ ಇರಬೇಕಾದಲ್ಲಿ ಎಂಟು ಜನ. ಆದರೂ ಯಾರೂ ಅದಕ್ಕೆ ಹೆದರಿದ್ದು ನಾನು ಕಾಣೆ. ಮೂರು ದಿನ ಮೈ ಕೈ ನೋವು, ಡಾಕ್ಟರು ಕೊಡುವ ಕೆಂಪು ನೀರಿನ ಬಾಟಲಿ, ನಾಲ್ಕನೆಯ ದಿನ ಮತ್ತೆ ಆಫೀಸು. ನಮ್ಮವರ ಲೆಕ್ಕದಲ್ಲಿ ಜ್ವರದ ದಾರಿ ಬೇರೆ, ಊಟದ ದಾರಿ ಬೇರೆ.

ಕೆನಡಾದವರಿಗೆ ಮಾತ್ರ ಹಾಗಿರಲಿಲ್ಲ. ಅವರು ಗೊತ್ತುಮಾಡಿದ ಡಾಕ್ಟರರೊಬ್ಬರು ಕೋಟೆ ಕಡೆ, ಅಂದರೆ ಮುಂಬಯಿಯ ಫೋರ್ಟಿನಲ್ಲಿ, ಇದ್ದರು. ಅವರು ನನ್ನನ್ನು ಪರೀಕ್ಷೆ ಮಾಡಿ, ಎದೆಯ ಎಕ್ಸ್‌ರೇ ತೆಗೆಸಿ, ಆರೋಗ್ಯವಾಗಿದ್ದಾಳೆ ಎಂದು ಬರೆದುಕೊಟ್ಟರೆ ಮಾತ್ರ ವೀಸಾ. ಡಿಸೆಂಬರಿನ ಎರಡನೆಯ ಸೋಮವಾರ ನನ್ನ ಸರದಿ. ನವೆಂಬರ್ ಕಳೆಯುವಷ್ಟರಲ್ಲಿ ಹತ್ತು ಊಟ ಮುಗಿದಿದ್ದವು, ನನಗೆ ಒಂದು ಸೀನು ಕೂಡ ಬಂದಿರಲಿಲ್ಲ.

ಹತ್ತನೆಯದು ಕುರ್ಲಾದಲ್ಲಿ, ಗೋಡೆ ಕಟ್ಟುವ ಬಿಜಾಪುರ ಕಡೆಯ ಒಬ್ಬ ಗೌಂಡಿಯ ಮನೆಯಲ್ಲಿ. ಅಪ್ಪನಿಗೆ ಎಲ್ಲಿಯದೋ ಗುರುತು. ರೈಲು ಹಳಿಯ ಪಕ್ಕದ ಒಂದೇ ಕೋಣೆಯ ಮನೆ. ನಾವು ಗಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಅವನ ಹೆಂಡತಿ ಓಡಿ ಬಂದು ಅಡ್ಡ ನಿಂತಳು.

'ಒಳಗ ಬರಬ್ಯಾಡ್ರಿ ಅಕ್ಕಾರ. ಕೂಸಿಗೆ ಜ್ವರ ಬಂದಾವ. ನೀವು ದೂರ ಹೋಗಾವ್ರು.'

ಸೊಂಟದ ಮೇಲೆ ಒಂದು ಗಂಟಿತ್ತು. ಅದರಲ್ಲಿ ಸಜ್ಜಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಅದನ್ನು ನೆಲದ ಮೇಲೆ ಇಟ್ಟು ಹಿಂದೆ ಸರಿದಳು, ನಾನು ಎತ್ತಿಕೊಂಡೆ. ನನ್ನ ಕೈ ಹಿಡಿಯಲಿಲ್ಲ, ತುತ್ತು ಇಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಇಡೀ ಮುಂಬಯಿಯಲ್ಲಿ ಆ ತಿಂಗಳು ಬುದ್ಧಿ ನೆಟ್ಟಗಿದ್ದವಳು ಅವಳೊಬ್ಬಳೇ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವ್ವ ಮಾತ್ರ ಸ್ಟೇಷನ್ ಮುಟ್ಟುವ ತನಕ ಗೊಣಗಿದಳು.

'ಭಿಕ್ಷಾ ಹಾಕಿದಂಗ ರಸ್ತೇದಾಗ ನಿಂದರಿಸಿ ಕೊಟ್ಟು ಕಳಿಸಿದ್ಲಲ್ಲ. ರೀತಿ ಇಲ್ಲ, ರಿವಾಜಿಲ್ಲ.'

ಹನ್ನೊಂದನೆಯದು ಸಾಂತಾಕ್ರೂಜ್‌ನ ಬೀಗರ ಮನೆ. ಡಾಕ್ಟರರ ಹತ್ತಿರ ಹೋಗುವ ಸೋಮವಾರಕ್ಕೆ ಮೊದಲಿನ ಬುಧವಾರ. ತಂಗಿಯ ನಿಶ್ಚಯ ಇನ್ನೂ ಆಗಿರಲಿಲ್ಲ, ಮುಂದಿನ ವಾರ ಎಂದು ಮಾತಾಗಿತ್ತು. ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಊರೆಲ್ಲ ಕೆಮ್ಮುತ್ತಿದೆ, ನನ್ನ ಪರೀಕ್ಷೆಗೆ ಇನ್ನು ಐದೇ ದಿನ, ಪರೀಕ್ಷೆ ಮುಗಿದ ಮೇಲೆ ಹೋಗೋಣ, ಬೇಕಾದರೆ ಎರಡು ಸಲ ಹೋಗಿ ಉಣ್ಣುತ್ತೇನೆ ಅಂದೆ.

'ಬೀಗರು ತಾವಾಗಿ ಕರದಾರ,' ಅಂದಳು ಅವ್ವ. 'ಬರಂಗಿಲ್ಲ ಅಂತ ನಾ ಯಾವ ಬಾಯಿಲೆ ಹೇಳ್ಲಿ? ನಿನ್ನ ತಂಗಿ ಅಲ್ಲೇ ಬಾಳೇವು ಮಾಡಬೇಕು.'

ತಂಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖ ನೋಡಿ ನಾನು ಸೀರೆ ಉಟ್ಟೆ.

ಮೂರನೆಯ ಮಹಡಿಯ ಫ್ಲ್ಯಾಟು. ಹಾಲ್‌ನಲ್ಲಿ ರೇಡಿಯೋ, ಅದರ ಮೇಲೆ ಕ್ರೋಶಾ ಹೊದಿಕೆ. ಬೀಗತಿ ಬಾಗಿಲಲ್ಲೇ ನಿಂತು ನಮ್ಮನ್ನು ಬರಮಾಡಿಕೊಂಡರು. ಕಣ್ಣು ಕೆಂಪಾಗಿದ್ದವು, ಸೆರಗಿನ ತುದಿಯಿಂದ ಆಗಾಗ ಮೂಗು ಒತ್ತಿಕೊಳ್ಳುತ್ತಿದ್ದರು. ಹುಡುಗ ಎಲ್ಲಿ ಎಂದು ಅವ್ವ ಕೇಳಿದಳು. ಮಾಲು ತರಲು ಬೆಳಗಾವಿಗೆ ಹೋಗಿದ್ದಾನೆ ಅಂದರು. ಒಳಕೋಣೆಯ ಬಾಗಿಲು ಹಾಕಿತ್ತು. ಎಲೆಯ ಮೇಲೆ ಹೋಳಿಗೆ ಬೀಳುವ ಹೊತ್ತಿಗೆ ಆ ಬಾಗಿಲ ಹಿಂದೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು, ಎದೆಯ ಆಳದಿಂದ ಬರುವಂಥದ್ದು, ನಿಲ್ಲದ್ದು. ಬೀಗತಿ ತುಪ್ಪದ ಸೌಟನ್ನು ಪಾತ್ರೆಗೆ ಟಣ್ಣನೆ ಬಡಿದು, 'ಬಾಜೂ ಮನ್ಯಾಗ ಮುದುಕಗ ದಮ್ಮು ಐತಿ, ಗ್ವಾಡಿ ತೆಳ್ಳಗ ಅದಾವ ನೋಡ್ರಿ, ಎಲ್ಲಾ ಕೇಳಸ್ತೈತಿ' ಅಂದರು. ಅವ್ವ ತಕ್ಷಣ ಧ್ವನಿ ಏರಿಸಿ ಹೋಳಿಗೆಯನ್ನು ಹೊಗಳತೊಡಗಿದಳು. ಇಷ್ಟು ಮೆತ್ತಗಿನ ಹೋಳಿಗೆ ತಾನು ಹುಟ್ಟಿದಾಗಿನಿಂದ ಕಂಡಿಲ್ಲವಂತೆ. ಆ ಹೋಳಿಗೆ ಗಟ್ಟಿಯಾಗಿತ್ತು.

ಕೊನೆಗೆ ತುತ್ತಿನ ಹೊತ್ತು ಬಂತು. ಬೀಗತಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು. ಅವರ ಉಸಿರು ನನ್ನ ಮುಖಕ್ಕೆ ಬಿಸಿಯಾಗಿ ತಾಗಿತು. 'ಬಾಯಿ ತಗಿ ಮಗಳ. ಮತ್ತ ಯಾವಾಗ ನಮ್ಮ ಕೈಯಾಗ ಸಿಗ್ತಿಯೋ' ಅಂದರು.

ಯಾರ ಮೇಲೆ ಏನೇ ಸಿಟ್ಟಿದ್ದರೂ ಈ ಜಾಗದಲ್ಲಿ ನಾನು ಸತ್ಯ ಹೇಳಬೇಕು. ಜ್ವರ ಹೇಗೆ ಹರಡುತ್ತದೆ ಎಂದು ನನಗೆ ಗೊತ್ತಿತ್ತು. ವಿಜ್ಞಾನ ಓದಿದವಳು. ಹಿಂದಿನ ವಾರವಷ್ಟೇ ಲ್ಯಾಬಿನಲ್ಲಿ ಮೂಗು ಸೋರುತ್ತಿದ್ದ ಇಬ್ಬರು ಹುಡುಗರನ್ನು ಬೈದು ಮನೆಗೆ ಕಳಿಸಿದ್ದೆ. ಇಲ್ಲಿ ಕೈ ಅಡ್ಡ ಹಿಡಿಯಬಹುದಿತ್ತು, ನಾನೇ ತಿನ್ನುತ್ತೇನೆ ಕೊಡಿ ಅನ್ನಬಹುದಿತ್ತು. ಅನ್ನಲಿಲ್ಲ. ಕೆನಡಾ ಅಂದ ಕೂಡಲೆ ಸೊಕ್ಕು ಬಂತು ನೋಡು ಅನ್ನುತ್ತಾರಲ್ಲ ಎಂದು ಹೆದರಿದೆ. ಎಂ.ಎಸ್ಸಿ. ಓದಿ ಬಾಯಿ ತೆರೆದೆ.

ಶನಿವಾರ ಸಂಜೆ ಕಾಲೇಜಿನಿಂದ ಬರುವಾಗ ದಾದರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕಾಲು ಕುಸಿದವು. ಸೋಮವಾರ ನನಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಅಪ್ಪ ಕೋಟೆಯ ಡಾಕ್ಟರರ ಹತ್ತಿರ ಹೋಗಿ ಹತ್ತು ದಿನ ಮುಂದಕ್ಕೆ ಹಾಕಿಸಿಕೊಂಡು ಬಂದ. ಎಲ್ಲರಿಗೂ ಮೂರು ದಿನಕ್ಕೆ ಇಳಿದ ಜ್ವರ ನನಗೆ ಎದೆಗೆ ಇಳಿಯಿತು. ನಿಮೋನಿಯಾ ಅಂದರು ನಮ್ಮ ಗಲ್ಲಿಯ ಡಾಕ್ಟರು. ದಿನಾ ಮನೆಗೆ ಬಂದು ಇಂಜೆಕ್ಷನ್ ಚುಚ್ಚಿದರು. ತಂಗಿ ನನ್ನ ತಲೆಗೆ ತಣ್ಣೀರು ಬಟ್ಟೆ ಹಾಕುತ್ತಾ ಸುಮ್ಮನೆ ಅಳುತ್ತಿದ್ದಳು. ಆ ನಡುವೆಯೇ ಅವಳ ನಿಶ್ಚಯವಾಯಿತು. ಸಮಾರಂಭದ ಸಪ್ಪಳ ನನಗೆ ಕೇಳಬಾರದೆಂದು ಕೆಳಗಿನ ಮಹಡಿಯಲ್ಲಿ, ನಾವು ಮಾವಶಿ ಅನ್ನುತ್ತಿದ್ದ ಮರಾಠಿ ಹೆಂಗಸಿನ ಕೋಣೆಯಲ್ಲಿ ಮಾಡಿದರು.

ಹತ್ತು ದಿನ ಬಿಟ್ಟು ಅಪ್ಪನ ಹೆಗಲು ಹಿಡಿದು ಕೋಟೆಗೆ ಹೋದೆ. ಆ ಡಾಕ್ಟರರ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಹದಿನೈದಿಪ್ಪತ್ತು ಹುಡುಗರು, ನಾಲ್ಕೈದು ಹುಡುಗಿಯರು. ಎಲ್ಲರೂ ಬೇರೆ ಬೇರೆ ದೇಶಗಳಿಗೆ ಓದಲು ಹೊರಟವರು. ಎಲ್ಲರ ಕೈಯಲ್ಲೂ ದೊಡ್ಡ ಲಕೋಟೆ, ಎಲ್ಲರ ಬಾಯಲ್ಲೂ ಪೆಪ್ಪರಮಿಂಟು. ಯಾರೂ ಕೆಮ್ಮುತ್ತಿರಲಿಲ್ಲ. ಮುಖ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಕೆಮ್ಮನ್ನು ಮಾತ್ರ ನುಂಗುತ್ತಿದ್ದರು. ನನ್ನ ಪಕ್ಕದ ಹುಡುಗ ಎದ್ದು ಹೋಗಿ ಬೀದಿಯಲ್ಲಿ ಮನಸಾರೆ ಕೆಮ್ಮಿ, ಬಾಯಿ ಒರೆಸಿಕೊಂಡು ಬಂದು ಮತ್ತೆ ಕೂತ. ಜರ್ಮನಿಗೆ ಎಂಜಿನಿಯರಿಂಗ್ ಓದಲು ಹೋಗುವವನಂತೆ. ಆಯುಷ್ಯವೆಲ್ಲ ಓದಿದ್ದು ಈ ಅರ್ಧ ಗಂಟೆ ಕೆಮ್ಮದೆ ಕೂರುವುದಕ್ಕೋ ಎಂದು ನನಗೆ ಮೈಯೆಲ್ಲ ಉರಿಯಿತು. ನಾನೂ ಪೆಪ್ಪರಮಿಂಟು ಹಾಕಿಕೊಂಡೆ.

ಎಕ್ಸ್‌ರೇಗೆ ಪೆಪ್ಪರಮಿಂಟು ನಡೆಯುವುದಿಲ್ಲ. ಡಾಕ್ಟರರು ವಯಸ್ಸಾದವರು, ಸಮಾಧಾನದವರು. ಚಿತ್ರವನ್ನು ಬೆಳಕಿಗೆ ಹಿಡಿದು ಬಲಗಡೆ ಕೆಳಗೆ ಒಂದು ಮೋಡದಂಥದ್ದನ್ನು ಬೆರಳಿಂದ ತೋರಿಸಿದರು. ಇದು ಹಾಂಗ್‌ಕಾಂಗ್ ಜ್ವರದ ನಿಮೋನಿಯಾ, ಇನ್ನೊಂದು ತಿಂಗಳಲ್ಲಿ ಕರಗುತ್ತದೆ ಎಂದು ನಮ್ಮ ಡಾಕ್ಟರು ಬರೆದುಕೊಟ್ಟಿದ್ದಾರೆ ಅಂದೆ. ನನ್ನ ಮಾತು ನಿಜವೇ ಇರಬಹುದು, ಆದರೆ ಕ್ಷಯದ ಕಲೆಯೂ ಹೀಗೇ ಕಾಣುತ್ತದೆ, ಹಿಂದುಸ್ತಾನದಿಂದ ಬರುವ ಎದೆಯಲ್ಲಿ ಕಲೆ ಇದ್ದರೆ ಅವರು ಒಪ್ಪುವುದಿಲ್ಲ, ಮೂರು ತಿಂಗಳು ಬಿಟ್ಟು ಇನ್ನೊಂದು ಚಿತ್ರ ತೆಗೆಸಬೇಕು ಅಂದರು. ಜನವರಿಗೆ ಹತ್ತು ದಿನವಿತ್ತು. ಅಪ್ಪ ಆ ಕೋಣೆಯಲ್ಲಿ ಕೈ ಮುಗಿದು ನಿಂತುಬಿಟ್ಟ. ನನಗೆ ನಾಚಿಕೆಯಾಗಿ ಅವನ ಕೈಗಳನ್ನು ಹಿಡಿದು ಕೆಳಗೆ ಇಳಿಸಿದೆ.

ಪ್ರೊಫೆಸರರಿಗೆ ಎಲ್ಲವನ್ನೂ ಬರೆದೆ. ಜನವರಿ ಕೊನೆಗೆ ಉತ್ತರ ಬಂತು. ಅಲ್ಲಿಯೂ ಅದೇ ಜ್ವರವಂತೆ. ರಜೆಗೆ ಮೊದಲೇ ಹಾಸ್ಟೆಲ್ ಖಾಲಿ ಮಾಡಿಸಿದರಂತೆ, ಅವರೂ ಎರಡು ವಾರ ಮಲಗಿದ್ದರಂತೆ. ಪಾಠಗಳೆಲ್ಲ ಹಿಂದೆ ಬಿದ್ದಿದ್ದವು, ಲ್ಯಾಬಿನ ಕೆಲಸಕ್ಕೆ ಕೂಡಲೆ ಜನ ಬೇಕಾಗಿತ್ತು, ಅಲ್ಲಿಯೇ ಇದ್ದ ಒಬ್ಬ ಹುಡುಗನನ್ನು ನನ್ನ ಜಾಗಕ್ಕೆ ತೆಗೆದುಕೊಂಡಿದ್ದರು. ಸೆಪ್ಟೆಂಬರಿಗೆ ಮತ್ತೆ ಅರ್ಜಿ ಹಾಕು ಎಂದಿತ್ತು. ಈ ಸಲ ಎಲ್ಲವೂ ಟೈಪ್ ಮಾಡಿದ್ದು, ಕೆಳಗೆ ಸಹಿ ಮಾತ್ರ. ಸೆಪ್ಟೆಂಬರಿಗೆ ಹಾಕಿದೆ. ಸಂಶೋಧನೆಯ ಹಣ ಕಡಿಮೆಯಾಗಿದೆ, ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಹಾಕಿದೆ. ಪ್ರೊಫೆಸರರು ಆ ವಿಶ್ವವಿದ್ಯಾಲಯ ಬಿಟ್ಟು ಹೋಗಿದ್ದಾರೆ ಎಂದು ಆಫೀಸಿನವರು ಬರೆದರು.

೧೯೬೯ರ ಏಪ್ರಿಲ್‌ನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ನನ್ನ ಎದೆ ಗಾಜಿನ ಹಾಗೆ ಸ್ವಚ್ಛವಾಗಿತ್ತು. ಆ ಸ್ವಚ್ಛ ಎದೆ ಹೊತ್ತುಕೊಂಡು ಮೇ ತಿಂಗಳಲ್ಲಿ ತಂಗಿಯ ಮದುವೆಯಲ್ಲಿ ಪಾನಕ ಹಂಚಿದೆ. ನನಗೆ ಊಟ ಹಾಕಿದ ಹನ್ನೊಂದು ಮನೆಯವರೂ ಬಂದಿದ್ದರು. ಯಾವಾಗ ಹೊಂಟಿ, ಯಾವಾಗ ಹೊಂಟಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳಿ ಬಾಯಿ ಒಣಗಿತು. ಒಬ್ಬ ಹೆಂಗಸು ಪಕ್ಕದವಳಿಗೆ, 'ಉಂಡಿದ್ದ ಬಂತು, ಹೋಗಿದ್ದಿಲ್ಲ' ಅಂದಳು, ನನಗೆ ಕೇಳುವ ಹಾಗೆ. ಕುರ್ಲಾದ ಗೌಂಡಿಯ ಹೆಂಡತಿ ಮಾತ್ರ ಏನೂ ಕೇಳದೆ ನನ್ನ ಕೈಯಿಂದ ಪಾನಕದ ತಟ್ಟೆ ಇಸಿದುಕೊಂಡು ತಾನು ಹಂಚಿದಳು.

ಅದೇ ಕಾಲೇಜು, ಅದೇ ಲ್ಯಾಬು. ನಾನು ಪ್ರಯೋಗ ಮಾಡಿಸಿದ ಹುಡುಗರು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹೋದರು. ಶಿಫಾರಸು ಪತ್ರ ಬರೆದುಕೊಡುವುದರಲ್ಲಿ ನಾನು ಎತ್ತಿದ ಕೈ ಎಂದು ಹೆಸರಾಯಿತು. ಅಪ್ಪ ತೀರಿಕೊಂಡ. ಅವ್ವನೂ ನಾನೂ ಆ ಎರಡು ಕೋಣೆಯಲ್ಲಿ ಉಳಿದೆವು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಪಾಪ, ರೀತಿ ರಿವಾಜು ಬಿಡಲಾಗದ ಹೆಂಗಸು, ಅವಳಿಗೇನು ಗೊತ್ತು ಎಂದುಕೊಂಡಿದ್ದೆ. ಬೀಗತಿಯ ಮೇಲೆ ಮಾತ್ರ ಹೊಟ್ಟೆಯಲ್ಲಿ ಒಂದು ಕಿಡಿ ಇತ್ತು.

೧೯೭೬ರಲ್ಲಿ ಒಂದು ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ತಂಗಿಯ ಗಂಡ ಒಳ್ಳೆಯವನು, ಮಾತಿನ ಮನುಷ್ಯ. ಅವನ ಮಗನಿಗೆ ನೆಗಡಿಯಾಗಿತ್ತು. ಜ್ವರದ ಮಾತು ಬಂದು ಅವನು ನಕ್ಕ.

'ಅಕ್ಕಾರ, ನೀವು ಪರದೇಶಕ್ಕ ಹೋಗಾವ್ರಿದ್ರಲ್ಲ, ಆವಾಗ ನೀವು ಊಟಕ್ಕ ಬಂದ ದಿನ ನಾ ಒಳಗಿನ ಖೋಲ್ಯಾಗ ಬಿದ್ದಿದ್ದೆ. ನೂರಾ ಮೂರು ಜ್ವರ. ನಮ್ಮವ್ವ ಊರಿಗೆ ಹೋಗ್ಯಾನ ಅಂತ ಸುಳ್ಳ ಹೇಳಿದ್ಲು. ನಿಶ್ಚಯ ಆಗೋತನಕ ವರಗ ಬ್ಯಾನಿ ಅನ್ನಬಾರದಂತ.'

'ನಮ್ಮವ್ವಗೂ ಹಂಗ ಹೇಳಿದ್ರಲ್ಲ,' ಅಂದೆ.

'ಅತ್ತಿಯವ್ರಿಗೆ ಗೊತ್ತಿತ್ತಲ್ರಿ. ಹಿಂದಿನ ದಿನಾನ ಸೀರಿ ಮಾತಾಡಾಕ ಬಂದಿದ್ರು. ನನ್ನ ನೋಡಿ ಅವ್ರ ಕೈಯಾರೆ ಶುಂಠಿ ಕಷಾಯ ಮಾಡಿ ಕುಡಿಸಿ ಹೋದ್ರು. ಅವತ್ತ ಅನಕೊಂಡೆ ನೋಡ್ರಿ, ಅತ್ತಿ ಅಂದ್ರ ಇಂಥಾ ಅತ್ತಿ ಸಿಗಬೇಕು ಅಂತ.'

ತಂಗಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಒಳಗೆ ಹೋದಳು.

ದಾದರಿಗೆ ವಾಪಸು ಬರುವ ಲೋಕಲ್‌ನಲ್ಲಿ ನನಗೆ ಎಲ್ಲ ಸ್ಟೇಷನ್ನುಗಳೂ ಒಂದೇ ಥರ ಕಂಡವು. ಮನೆಗೆ ಬಂದಾಗ ಅವ್ವ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಪ್ಪಲಿ ಬಿಟ್ಟವಳೇ ನಿಂತಲ್ಲೇ ಕೇಳಿದೆ. ಸಾಂತಾಕ್ರೂಜ್‌ನಲ್ಲಿ ಆ ದಿನ ಒಳಗೆ ಜ್ವರ ಇತ್ತು ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವಳು ಸುಳ್ಳು ಹೇಳಬಹುದಿತ್ತು. ಮರೆತೆ ಅನ್ನಬಹುದಿತ್ತು, ವಯಸ್ಸಾಗಿತ್ತು, ನಾನು ನಂಬುತ್ತಿದ್ದೆ.

'ಗೊತ್ತಿತ್ತು,' ಅಂದಳು, ಸೊಪ್ಪಿನಿಂದ ಕಣ್ಣು ಎತ್ತದೆ.

'ಗೊತ್ತಿದ್ದು ಕರಕೊಂಡು ಹೋದೇನು?'

'ಮತ್ತೇನ್ ಮಾಡ್ಲಿ? ಜ್ವರ ಐತಿ, ಬರಂಗಿಲ್ಲ ಅಂದಿದ್ರ, ಹುಡುಗನ ಬ್ಯಾನಿ ಊರ ತುಂಬ ಮಾಡಿದ್ರು ಅಂತ ಅವ್ರು ಸಂಬಂಧ ಮುರೀತಿದ್ರು. ಎಲ್ಲಾರ್ಗೂ ಬಂದಂಗ ನಿನಗೂ ಮೂರು ದಿನ ಬರ್ತೈತಿ, ಹೋಗ್ತೈತಿ ಅನಕೊಂಡೆ.' ಒಂದು ದಂಟು ಮುರಿದು ಆಚೆ ಎಸೆದಳು. 'ಸಾಲಿ ಎಲ್ಲಿ ಓಡಿ ಹೋಗ್ತಿತ್ತವ್ವ? ಈ ವರ್ಷ ಅಲ್ಲಂದ್ರ ಮುಂದಿನ ವರ್ಷ ಅಲ್ಲೇ ಇರ್ತೈತಿ. ಅಂಥಾ ವರ ಇರ್ತಿದ್ದನೇನು?'

ಅವಳು ನಿಜವಾಗಿಯೂ ಹಾಗೆ ತಿಳಿದಿದ್ದಳು. ಕೆನಡಾದ ವಿಶ್ವವಿದ್ಯಾಲಯ ಊರ ಶಾಲೆಯ ಹಾಗೆ, ಯಾವಾಗ ಹೋದರೂ ಬಾಗಿಲು ತೆರೆದಿರುತ್ತದೆ, ಮಾಸ್ತರು ಒಳಗೆ ಕರೆದು ಕೂರಿಸುತ್ತಾರೆ ಎಂದು. ನಾನು ಎರಡು ವರ್ಷ ಎಷ್ಟು ಕಡೆಯಿಂದ ಇಲ್ಲ ಅನ್ನಿಸಿಕೊಂಡ ಮೇಲೆ ಆ ಒಂದು ಹೌದು ಬಂದಿತ್ತು ಎಂಬುದು ಅವಳ ತಲೆಗೆ ಹೋಗಿರಲೇ ಇಲ್ಲ. ನಾನೂ ಯಾವತ್ತೂ ಕೂರಿಸಿಕೊಂಡು ಹೇಳಿರಲಿಲ್ಲ. ಬೀಗತಿಯ ಮೇಲೆ ಎಂಟು ವರ್ಷ ಜೋಪಾನವಾಗಿ ಇಟ್ಟಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ತಿಳಿಯದೆ ನಾನು ನಿಂತೇ ಇದ್ದೆ. ಕೂಗಾಡಬೇಕೆಂದಿದ್ದೆ. ಅವಳು ಎಸೆದ ದಂಟನ್ನು ಎತ್ತಿ ಕಸದ ಡಬ್ಬಿಗೆ ಹಾಕಿದೆ.

ಅವ್ವ ಪಲ್ಯ ಮಾಡಿದಳು, ರೊಟ್ಟಿ ಬಡಿದಳು, ತಾಟು ಹಾಕಿ ಕರೆದಳು. ಹಸಿವಿಲ್ಲ ಅಂದೆ. ಅವಳು ಮುಖ ಸಪ್ಪೆ ಮಾಡಿಕೊಂಡು ಹತ್ತಿರ ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ನನ್ನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು.

'ಜ್ವರೇನ್ ಇಲ್ಲಲ್ಲ,' ಅಂದಳು. 'ಏಳು, ಉಣ್ಣು.'